ಗೊತ್ತಿದ್ದೂ ಗೊತ್ತಿಲ್ಲವೆನ್ನುವ ಮಗುವನ್ನು ಮುಂದಿನ ಬೆಂಚಿಗೆ ಕಳಿಸುವ ಬಗ್ಗೆ

ಇಂದ:
ಕ್ರಮಸಂಖ್ಯೆ ಒಂಬತ್ತು
(ತಮ್ಮ ಸಂದರ್ಶನ ಪತ್ರದಲ್ಲಿ ನನ್ನ ಹೆಸರಿನ ಜಾಗದಲ್ಲಿ ಇಷ್ಟೇ ಇರುವುದರಿಂದ ನಾನೂ ಇಷ್ಟನ್ನೇ ಬರೆದಿದ್ದೇನೆ)
ಅಕ್ಕನ ಮನೆ, ಶಾಲೆಯ ಹಿಂದಿನ ಬೀದಿ

ಗೆ:
ಮುಖ್ಯೋಪಾಧ್ಯಾಯಿನಿಯವರು ಹಾಗೂ ಸಂದರ್ಶನ ಸಮಿತಿಯ ಅಧ್ಯಕ್ಷರು
ಪ್ರಾಥಮಿಕ ಶಾಲೆ

ವಿಷಯ: ತರಗತಿ ಸಹಾಯಕಿ ಹುದ್ದೆಯ ಸಂದರ್ಶನಕ್ಕೆ ತಯಾರಿ ನಡೆಸುವಾಗ ಕೆಟ್ಟುಹೋದ ಒಂದು ಮಗುವಿನ ಕುರಿತು.

ಉಲ್ಲೇಖ:
1. ತಮ್ಮ ಸಂದರ್ಶನ ಪತ್ರ.
2. ಒಂದನೇ ತರಗತಿಯ ಶಿಕ್ಷಕಿ ಮಗುವಿನ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದ ಷರಾ.
3. ನನ್ನ ಅಕ್ಕನ ಮೌಖಿಕ ಆದೇಶ: "ಕೆಡಿಸಿದ್ದು ನೀನು, ನೀನೇ ಹೋಗಿ ಸರಿಮಾಡು."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಸದರಿ ಕೆಲಸ ನನಗೆ ಬೇಕು. ಅಕ್ಕನ ಮನೆಯಲ್ಲಿ ಕೂತು ಉಣ್ಣುವುದು ಸಾಕಾಗಿದೆ. ಹೀಗಿದ್ದೂ ಸಂದರ್ಶನಕ್ಕೆ ಮುಂಚೆಯೇ ಈ ಅರ್ಜಿ ಬರೆದು ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಳ್ಳುತ್ತಿರುವುದಕ್ಕೆ ಕಾರಣಗಳು ಕೆಳಕಂಡಂತಿವೆ.

1. ತಮ್ಮ ಪತ್ರದ ಷರತ್ತಿನಂತೆ ಅಭ್ಯರ್ಥಿಯು "ಸ್ವಂತ ವ್ಯವಸ್ಥೆಯಲ್ಲಿ ಒಂದು ಮಗುವನ್ನು ಕರೆತಂದು" ಸಮಿತಿಯ ಮುಂದೆ ಪಾಠ ಮಾಡಿ ತೋರಿಸತಕ್ಕದ್ದು. ಶಾಲೆಯ ತುಂಬ ಮಕ್ಕಳನ್ನು ಇಟ್ಟುಕೊಂಡು, ಬರುವವರೇ ಮಗು ತರಲಿ ಎಂದ ತಮ್ಮ ಮಿತವ್ಯಯ ಮೆಚ್ಚತಕ್ಕದ್ದು. ಊಟಕ್ಕೆ ಕರೆದು, ಅಕ್ಕಿ ನೀವೇ ತನ್ನಿ ಎಂದ ಹಾಗಿದೆ. ನನಗೆ ಮದುವೆಯಾಗಿಲ್ಲ, ಸ್ವಂತ ಮಗು ಇಲ್ಲ. ಆದಕಾರಣ ಅಕ್ಕನ ಮಗಳನ್ನು ಎರವಲು ಪಡೆದೆ. ಅವಳು ತಮ್ಮದೇ ಶಾಲೆಯ ಒಂದನೇ ತರಗತಿಯವಳು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿಡಿಸುವುದರಿಂದ ಮನೆಯಲ್ಲಿ ಅವಳನ್ನು ಪಟಾಕಿ ಎಂದು ಕರೆಯುತ್ತೇವೆ.

2. ತಯಾರಿಯ ಹೊಣೆಯನ್ನು ಪಟಾಕಿಯ ಅಪ್ಪ, ಅಂದರೆ ನನ್ನ ಭಾವ, ಯಾರೂ ಕೇಳದೆಯೇ ವಹಿಸಿಕೊಂಡರು. ಅವರು ಹೋಗಿಬಂದ ಸಂದರ್ಶನಗಳಿಗೆ ಲೆಕ್ಕವಿಲ್ಲ. ಬಹುಪಾಲು ಕಡೆ ಆಯ್ಕೆಯಾಗಿಲ್ಲ. ಆದಕಾರಣ ಈ ವಿಷಯದಲ್ಲಿ ಅವರಷ್ಟು ಅನುಭವಸ್ಥರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಇಸ್ತ್ರಿ ಮೇಜಿನ ಹಿಂದೆ ಸಮಿತಿಯಾಗಿ ಕೂತು, ಒಂದೇ ಮನೆಯಲ್ಲಿದ್ದೂ, "ನಿಮ್ಮ ಪರಿಚಯ ಹೇಳಿ" ಎಂದರು. "ನಿಮ್ಮ ದೌರ್ಬಲ್ಯ ಏನು?" ಎಂದು ಕೇಳಿ, "ವಿಪರೀತ ಕೆಲಸ ಮಾಡೋದೇ ನನ್ನ ದೌರ್ಬಲ್ಯ ಅನ್ನು" ಎಂದು ಅವರೇ ಹೇಳಿಕೊಟ್ಟರು. ಇಂಥ ಉತ್ತರಕ್ಕೆ ತಲೆದೂಗುವವರು ಸಮಿತಿಗಳಲ್ಲಿ ಇರುತ್ತಾರಂತೆ. ತಮ್ಮ ಸಮಿತಿಯಲ್ಲಿ ಇಲ್ಲವೆಂದು ನಂಬಿದ್ದೇನೆ. ನಂಬಲು ಆಧಾರವೇನೂ ಇಲ್ಲ.

3. ಪಾಠ: ಏಳು ಅಂಗಿ ಗುಂಡಿಗಳಲ್ಲಿ ಮೂರು ತೆಗೆದರೆ ಉಳಿಯುವುದೆಷ್ಟು. ನಾನು ಗುಂಡಿಗಳನ್ನು ಮೇಜಿನ ಮೇಲಿಡುವಷ್ಟರಲ್ಲೇ ಪಟಾಕಿ "ನಾಲ್ಕು" ಎಂದಳು. ಭಾವ ಹಣೆ ಚಚ್ಚಿಕೊಂಡರು.

"ಎಲ್ಲಾ ಗೊತ್ತಿರೋ ಮಗುಗೆ ನಿನ್ನ ಚಿಕ್ಕಮ್ಮ ಏನು ಕಲಿಸ್ತಾಳೆ? ಮೊದಲು ಗೊತ್ತಿಲ್ಲ ಅನ್ಬೇಕು. ಅವಳು ಹೇಳ್ಕೊಟ್ಮೇಲೆ ಗೊತ್ತಾಯ್ತು ಅನ್ಬೇಕು."

"ಗೊತ್ತಿದ್ರೂನಾ ಅಪ್ಪ?"

"ಗೊತ್ತಿದ್ರೂನೇ. ಚಿಕ್ಕಮ್ಮಂಗೆ ಕೆಲಸ ಸಿಗೋದು ಬೇಡ್ವಾ?"

ಬೇಕು ಎಂದಳು. ಅಂದಿನಿಂದ ತುಟಿಯ ಮೇಲೆ ಬೆರಳಿಟ್ಟು, ಸೂರು ನೋಡಿ, "ಗೊತ್ತಾಗ್ತಿಲ್ಲ ಮಿಸ್" ಎನ್ನುವುದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ನೋಡಿದ ಭಾವನಿಗೆ ಹೆಮ್ಮೆಯಿಂದ ಕಣ್ಣು ತುಂಬಿಬಂತು.

4. ತತ್ಪರಿಣಾಮವಾಗಿ ಸದರಿ ಮಗು ತರಗತಿಯಲ್ಲೂ ಅದನ್ನೇ ಶುರುಮಾಡಿತು. ತಮ್ಮ ಶಿಕ್ಷಕಿ ಕೂಡಲೇ ಅವಳನ್ನು ಹಿಂದಿನ ಬೆಂಚಿಗೆ ಕಳಿಸಿ, ಡೈರಿಯಲ್ಲಿ "ಗ್ರಹಣಶಕ್ತಿ ಕಡಿಮೆ" ಎಂದು ಬರೆದರು. ಹಿಂದಿನ ತಿಂಗಳು "ಅತಿ ಚುರುಕು, ಬಾಯಿ ಮುಚ್ಚಿಕೊಂಡಿರಲು ತಿಳಿಸಿ" ಎಂದು ಬರೆದವರೂ ಇವರೇ. ನಡುವೆ ಮಗುವಿನ ಬುದ್ಧಿ ಎಲ್ಲಿ ಸೋರಿಹೋಯಿತೆಂದು ಅವರು ಯಾರನ್ನೂ ಕೇಳಲಿಲ್ಲ. ಅಂತೂ ಬಾಯಿ ಮುಚ್ಚಿತಲ್ಲ, ಅಷ್ಟೇ ಸಾಕಾಗಿರಬೇಕು.

5. ವಿಚಾರಿಸಲಾಗಿ ತಿಳಿದುಬಂದಿದ್ದೇನೆಂದರೆ, ಹುದ್ದೆಯ ಪ್ರಕಟಣೆಯನ್ನು ಶಾಲೆಯ ಗೇಟಿಗೆ ಮಾತ್ರ ಅಂಟಿಸಿದ್ದ ಕಾರಣ, ಅರ್ಜಿ ಹಾಕಿದವರೆಲ್ಲ ಮಕ್ಕಳನ್ನು ಬಿಡಲು ಬರುವ ಅಮ್ಮ, ಅತ್ತೆ, ಚಿಕ್ಕಮ್ಮಂದಿರೇ. ಅವರೆಲ್ಲರ ಮನೆಯಲ್ಲೂ ಇದೇ ತಯಾರಿ ನಡೆದಿದೆ. ಹೀಗಾಗಿ ಹಿಂದಿನ ಬೆಂಚು ತುಂಬಿ, ಅದರ ಹಿಂದೆ ತಾವು ಇನ್ನೊಂದು ಬೆಂಚು ಹಾಕಿಸಿದ್ದೀರಿ. ಪೋಷಕರ ಸಭೆಯಲ್ಲಿ, "ಕಲಿಕೆಯಲ್ಲಿ ಹಿಂದುಳಿದವರು ಹೆಚ್ಚುತ್ತಿದ್ದಾರೆ, ಆದ್ದರಿಂದಲೇ ಸಹಾಯಕಿ ಬೇಕಾಗಿದೆ" ಎಂದು ಗಂಭೀರವಾಗಿ ನುಡಿದಿರಿ. ಸಹಾಯಕಿ ಬೇಕಾದ್ದರಿಂದಲೇ ಹೆಚ್ಚುತ್ತಿದ್ದಾರೆ ಎನ್ನಲು ಅಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಕೂತಿದ್ದವರಲ್ಲಿ ಅರ್ಧಕ್ಕರ್ಧ ಅಭ್ಯರ್ಥಿಗಳೇ.

6. ಡೈರಿ ನೋಡಿದ ಅಕ್ಕ ನಮ್ಮಿಬ್ಬರಿಗೂ ಚಳಿ ಬಿಡಿಸಿದಳು. ಭಾವ "ನಾನು ಸಂದರ್ಶನಕ್ಕೆ ಮಾತ್ರ ಹೇಳಿದ್ದೆ" ಎಂದು ಪೇಪರಿನ ಹಿಂದೆ ಅಡಗಿದರು. ನಾನು ಪಟಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಕೂಲಲ್ಲಿ ಹೀಗೆಲ್ಲ ಮಾಡಬೇಡ, ಗೊತ್ತಿದ್ದದ್ದು ಹೇಳಿ ಮುಂದಿನ ಬೆಂಚಿಗೆ ಹೋಗು ಎಂದೆ.

"ನಾನು ಹೋಗಲ್ಲ."

"ಯಾಕೆ?"

"ಸಹಾಯ ಮಾಡೋ ಮಿಸ್ಸು ಹಿಂದಿನ ಬೆಂಚಲ್ಲೇ ಕೂರೋದಂತೆ. ನೀನು ಬಂದಾಗ ನಾನು ಮುಂದಿದ್ರೆ? ನೀನು ಬೇರೆಯವರ ಪಕ್ಕ ಕೂತ್ಕೋತೀಯ."

ದಿನಾ ತನ್ನ ಪಕ್ಕದಲ್ಲಿ ಬ್ಯಾಗ್ ಇಟ್ಟು ನನಗೆ ಜಾಗ ಹಿಡಿಯುತ್ತಾಳಂತೆ. ಬ್ಯಾಗ್ ತೆಗೆ ಎಂದು ಶಿಕ್ಷಕಿ ಗದರಿದರೆ ಆಗಲೂ "ಗೊತ್ತಾಗ್ತಿಲ್ಲ ಮಿಸ್" ಎನ್ನುತ್ತಾಳಂತೆ. ಇದನ್ನು ಕೇಳಿ ನನಗೆ ಅಳು ಬಂತು. ತಮ್ಮ ಅರ್ಜಿ ನಮೂನೆಯಲ್ಲಿ ಅಳುವಿಗೆ ಪ್ರತ್ಯೇಕ ಕಲಂ ಇಲ್ಲದ ಕಾರಣ ಇಲ್ಲಿಯೇ ನಮೂದಿಸಿದ್ದೇನೆ.

ಆದ್ದರಿಂದ, ನಾನು ಸಂದರ್ಶನಕ್ಕೆ ಮಗುವಿಲ್ಲದೆ ಬರುತ್ತೇನೆ. ಷರತ್ತು ಮುರಿದವಳೆಂದು ಬಾಗಿಲಿಂದಲೇ ವಾಪಸು ಕಳಿಸಬಹುದು, ಅದು ತಮ್ಮ ಅಧಿಕಾರ. ಒಳಗೆ ಬಿಟ್ಟರೆ, ನಿಜವಾಗಿಯೂ ಗೊತ್ತಿಲ್ಲದ ಒಂದು ಮಗುವನ್ನು ತಾವೇ ಕೊಡಿ, ಕಲಿಸಿ ತೋರಿಸುತ್ತೇನೆ. ಅಂಥ ಮಗು ಯಾವುದೆಂದು ತಮ್ಮ ಸಿಬ್ಬಂದಿಗೆ ತಿಳಿಯದೇ ಹೋದ ಪಕ್ಷದಲ್ಲಿ ಹಿಂದಿನ ಬೆಂಚಿನ ಮಕ್ಕಳನ್ನೇ ಕೇಳಬಹುದು, ಅವರಿಗೆ ಗೊತ್ತಿದೆ. ಕೆಲಸದ ಮಾತು ಆಮೇಲಿರಲಿ. ಪಟಾಕಿಯನ್ನು ಮಾತ್ರ ನಾಳೆಯೇ ಮುಂದಿನ ಬೆಂಚಿಗೆ ಕಳಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮಲ್ಲಿ ವಿಶ್ವಾಸವಿಡಲು ಪ್ರಯತ್ನಿಸುತ್ತಿರುವ,
ಕ್ರಮಸಂಖ್ಯೆ ಒಂಬತ್ತು

ಲಗತ್ತುಗಳು:
1. ಡೈರಿಯ ಎರಡೂ ಷರಾಗಳ ಪ್ರತಿ, ಹೋಲಿಸಿ ನೋಡಲು ಅನುಕೂಲವಾಗುವಂತೆ ಅಕ್ಕಪಕ್ಕದಲ್ಲಿ.
2. ಗುಂಡಿಗಳು ಏಳು. ಮೂರು ತೆಗೆದಿರುವುದರಿಂದ ಲಕೋಟೆಯಲ್ಲಿ ನಾಲ್ಕಿವೆ. ಭಾವನ ಅಂಗಿಯವು, ಹಿಂದಿರುಗಿಸತಕ್ಕದ್ದು.

ವಿ.ಸೂ.: ನಾನು ಆಯ್ಕೆಯಾಗದಿದ್ದಲ್ಲಿ ನನಗೆ ಪತ್ರ ಬರೆದು ತಿಳಿಸುವ ಅಗತ್ಯವಿಲ್ಲ. ತಾವು ಖುದ್ದಾಗಿ ಒಂದನೇ ತರಗತಿಗೆ ಹೋಗಿ, ಚಿಕ್ಕಮ್ಮ ಬರುವುದಿಲ್ಲ, ಬ್ಯಾಗ್ ತೆಗೆದುಬಿಡು ಎಂದು ಮಗುವಿಗೆ ತಿಳಿಸತಕ್ಕದ್ದು. ನಾನು ಹೇಳಿ ನೋಡಿದೆ. ಅದೊಂದು ಮಾತ್ರ ಅವಳಿಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ.