ಪಾಪ್‌ಕಾರ್ನ್ ಹೊತ್ತಿಗೆ ಮಾತ್ರ ದರ್ಶನ ಕೊಡುವ ಚಿರತೆಯವರಿಗೆ

ಗೆ,
ಶ್ರೀಮತಿ ಚಿರತೆಯವರು,
ಡೇರೆ ಬಯಲಿನ ಅಡುಗೆಮನೆಯ ಹಿಂದಿನ ಮರ, ಎರಡನೇ ಕೊಂಬೆ,
ಸೆರೆಂಗೆಟಿ.

ಮಾನ್ಯರೇ,

ತಮ್ಮ ಹಾಗೂ ತಮ್ಮ ಮರಿಗಳ ಕ್ಷೇಮವನ್ನು ಹಾರೈಸುತ್ತಾ, ಕಳೆದ ವಾರ ತಾವು ಮರಕ್ಕೇರಿಸಿದ ಹುಲ್ಲೆ ಸಲೀಸಾಗಿ ಜೀರ್ಣವಾಗಿದೆಯೆಂದು ನಂಬುತ್ತಾ, ಹತ್ತೊಂಬತ್ತು ವರ್ಷಗಳಿಂದ ಇದೇ ಬಯಲಿನಲ್ಲಿ ಅತಿಥಿಗಳಿಗೆ ಪ್ರಾಣಿ ತೋರಿಸಿಕೊಂಡು ಬಂದಿರುವ ಡ್ರೈವರ್ ಎಲಿಯಾಮಾನಿ ಎಂಬ ನಾನು ಕೈಮುಗಿದು ಬರೆದುಕೊಳ್ಳುವುದೇನೆಂದರೆ, ತಾವು ನನ್ನ ಹೊಟ್ಟೆಯ ಮೇಲೆ ಹೊಡೆದಿದ್ದೀರಿ.

ಆರೂಷಾ ಪಟ್ಟಣದಿಂದ ಹೊರಡುವಾಗಲೇ ನಮ್ಮ ಸಫಾರಿ ಕಂಪನಿಯ ಒಡತಿ ಮ್ಕುಂಡೆ ಅಮ್ಮ, "ಹೋದ ಎರಡು ಗುಂಪೂ ಚಿರತೆ ಕಾಣಲಿಲ್ಲ ಅಂತ ಮುಖ ಊದಿಸ್ಕೊಂಡು ಹೋದ್ವು. ಈ ಸಲಾನೂ ಹಂಗೇ ಆದ್ರೆ ಸ್ಟೇರಿಂಗ್ ಬಿಟ್ಟು ಬೇರೆ ಏನಾದ್ರೂ ಹಿಡ್ಕೋಬೇಕಾಗತ್ತೆ, ನೋಡು" ಎಂದಿದ್ದರು. ಈ ಮಾತು ತಮ್ಮ ಕಿವಿಗೆ ಬಿದ್ದಿರಲಾರದೆಂದು ಮೊದಲೆರಡು ದಿನ ತಮ್ಮನ್ನು ಕ್ಷಮಿಸಿದೆ.

ಗಾಡಿಯೊಳಗೆ ಹೆಸರೆತ್ತಿದರೆ ತಾವು ಸಿಗುವುದಿಲ್ಲವೆಂಬುದು ನಮ್ಮ ಡ್ರೈವರುಗಳ ನಂಬಿಕೆಯಾದ್ದರಿಂದ, ರೇಡಿಯೋದಲ್ಲಿ ಕೂಡ ತಮ್ಮನ್ನು 'ಮೇಲಿನವರು' ಎಂದೇ ಕರೆದೆವು; ಗಂಡನ ಹೆಸರು ಹೇಳದ ಹಳೇ ಕಾಲದ ಹೆಂಗಸರೂ ಇಷ್ಟು ಮರ್ಯಾದೆ ಕೊಟ್ಟಿರಲಿಕ್ಕಿಲ್ಲ. ಸಿಂಹಗಳು ನಮ್ಮ ಗಾಡಿಯ ನೆರಳಿನಲ್ಲೇ ಬಂದು ಮಲಗಿದವು, ಆನೆಗಳು ಅರ್ಧ ಗಂಟೆ ದಾರಿ ಬಿಡಲಿಲ್ಲ. ಐವರು ಅತಿಥಿಗಳಲ್ಲಿ ಹಿರಿಯರಾದ ಬಿರ್ಗಿಟ್ಟೆ ಅಜ್ಜಿ ಮಾತ್ರ ಅವುಗಳತ್ತ ತಿರುಗಿಯೂ ನೋಡದೆ, "ಚಿರತೆಗೋಸ್ಕರ ಮೂರನೇ ಸಲ ಬಂದಿದ್ದೀನಿ ಕಣಪ್ಪ, ಇನ್ನೊಂದು ಸಲ ಬರೋ ಮೊಣಕಾಲು ನನಗಿಲ್ಲ" ಎಂದರು.

ಇನ್ನು ತಮ್ಮ ಅಸಲಿ ಕರಾಮತ್ತಿಗೆ ಬರುತ್ತೇನೆ. ಮೊದಲ ಸಂಜೆಯೇ ನಮ್ಮ ಅಡುಗೆಯ ಜಬ್ಲೋನ್, "ಅಣ್ಣಾ, ಅತಿಥಿಗಳ ಚಹಾಕ್ಕೆ ಪಾಪ್‌ಕಾರ್ನ್ ಹುರೀತಿದ್ದೆ, ಹಿಂದಿನ ಮರದ ಮೇಲೆ ಚಿರತೆ ಬಾಲ ಇಳಿಬಿಟ್ಕೊಂಡು ಕೂತಿತ್ತು. ನಾಳೆ ನಾಲ್ಕು ಗಂಟೆಗೆ ಇಲ್ಲೇ ಇರಿ" ಎಂದ. ಅಡುಗೆಯವನ ಮಾತು ಕೇಳಿ ಗಾಡಿ ನಿಲ್ಲಿಸಿದ ಡ್ರೈವರ್ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. "ನೀನು ಈರುಳ್ಳಿ ನೋಡ್ಕೋ ಮಾರಾಯ, ಕಾಡು ನಾನು ನೋಡ್ಕೋತೀನಿ" ಎಂದೆ. ಎರಡನೇ ದಿನವೂ ಹೇಳಿದ. ಮೂರನೇ ದಿನ ಹೇಳಲಿಲ್ಲ, ಸುಮ್ಮನೆ ನಕ್ಕ.

ಕೊನೆಯ ದಿನ ಅಜ್ಜಿಯ ಮೊಣಕಾಲು ಊದಿ, ಅವರು ಡೇರೆಯಲ್ಲೇ ಉಳಿದರು. ನಾನು ಮಿಕ್ಕ ನಾಲ್ವರಿಗೆ ಅರವತ್ತು ಕಿಲೋಮೀಟರ್ ಧೂಳು ಕುಡಿಸಿ, ಕೆಸರಿನಲ್ಲಿ ಹೂತ ಗಾಲಿಯನ್ನು ಅವರಿಂದಲೇ ತಳ್ಳಿಸುತ್ತಿದ್ದ ಶುಭಗಳಿಗೆಯಲ್ಲಿ, ತಾವು ಮರಿಗಳ ಸಮೇತ ಇಳಿದು ಬಂದು ಒಂದು ಗಂಟೆ ಕಾಲ ಆಡಿದಿರಂತೆ. ಜಬ್ಲೋನ್ ಅಜ್ಜಿಯನ್ನು ಅಡುಗೆಮನೆಯ ಕಬ್ಬಿಣದ ಜಾಲರಿಯೊಳಗೆ ಕೂರಿಸಿ, ಕೈಗೆ ಪಾಪ್‌ಕಾರ್ನ್ ಬಟ್ಟಲು ಕೊಟ್ಟನಂತೆ. ನಾನು ಬಂದಾಗ ಅವರು ಅವನ ಹಿಟ್ಟಿನ ಕೈ ಹಿಡಿದುಕೊಂಡು ಅಳುತ್ತಿದ್ದರು. ಅತಿಥಿಗಳ ಪುಸ್ತಕದಲ್ಲಿ ಹೀಗೆ ಬರೆದರು: "ಜಬ್ಲೋನ್‌ನಂಥ ಮಾರ್ಗದರ್ಶಿ ಈ ದೇಶದಲ್ಲೇ ಇಲ್ಲ. ಡ್ರೈವರ್ ಗಾಡಿ ಚೆನ್ನಾಗಿ ಓಡಿಸುತ್ತಾರೆ."

ಮ್ಕುಂಡೆ ಅಮ್ಮ ಅದನ್ನು ಎರಡು ಸಲ ಓದಿದರು. ಜಬ್ಲೋನ್ ಬಳಿ ಲೈಸೆನ್ಸ್ ಇತ್ತೆಂಬುದು ನನಗೆ ಆಗಲೇ ಗೊತ್ತಾದದ್ದು. ಸೋಮವಾರದಿಂದ ಸ್ಟೇರಿಂಗ್ ಅವನದು, ಸೌಟು ನನ್ನದು.

ಆದ್ದರಿಂದ ತಾವು ದಯಮಾಡಿ ಆರೂಷಾದ ನಮ್ಮ ಕಚೇರಿಗೆ ಬಂದು, ತಪ್ಪು ತಮ್ಮದೇ ಎಂದು ಪುಸ್ತಕದಲ್ಲಿ ಹೆಜ್ಜೆ ಒತ್ತಿ ಹೋಗಬೇಕು. ಇನ್ನು ಮುಂದೆ ಬೆಳಿಗ್ಗೆ ಹತ್ತು ಗಂಟೆಗೆ ಹೊಳೆಯ ತಿರುವಿನಲ್ಲಿ, ಬಿಸಿಲಿಗೆ ಮುಖಮಾಡಿ, ತಪ್ಪದೆ ಹಾಜರಿರಬೇಕು. ಇದಾವುದೂ ಆಗದಿದ್ದರೆ, ನಾಲ್ಕು ಗಂಟೆಗೆ ಅಡುಗೆಮನೆಯ ಕಡೆಗಾದರೂ ಬನ್ನಿ. ಹತ್ತೊಂಬತ್ತು ವರ್ಷ ಬೇರೆಯವರಿಗೆ ತೋರಿಸುವ ಗಡಿಬಿಡಿಯಲ್ಲಿ ನಾನೇ ತಮ್ಮನ್ನು ನೆಮ್ಮದಿಯಾಗಿ ನೋಡಿಲ್ಲ.

ತಮ್ಮ ವಿಶ್ವಾಸಿ,
ಎಲಿಯಾಮಾನಿ ಕಾಯಾ
ಮಾಜಿ ಡ್ರೈವರ್, ಹಾಲಿ ಅಡುಗೆಯವ

ಮರೆತ ಮಾತು: ಆರು ದಿನದಿಂದ ಪಾಪ್‌ಕಾರ್ನ್ ಹುರಿದುಕೊಂಡು ಕಾಯುತ್ತಿದ್ದೇನೆ, ಮರ ಖಾಲಿ. ಈಗಷ್ಟೇ ಜಬ್ಲೋನ್ ಗಾಡಿ ಇಳಿದು ಬಂದ. ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ, ಹೊಳೆಯ ತಿರುವಿನಲ್ಲೇ, ಬಿಸಿಲಿಗೆ ಮುಖಮಾಡಿ ಕೂತಿದ್ದಿರಂತೆ. "ನಾಳೆ ನನ್ನನ್ನೂ ಕರ್ಕೊಂಡು ಹೋಗೋ" ಎಂದೆ. "ನೀವು ಈರುಳ್ಳಿ ನೋಡ್ಕೊಳ್ಳಿ ಅಣ್ಣಾ" ಎಂದ.