ಅಗ್ಗಿಷ್ಟಿಕೆಯಲ್ಲಿ ಹಾಲುಕ್ಕಿದ ಪ್ರಸಂಗ

ನಾನು ಅತ್ತೆಯಿಂದ ಬೇರೆಯಾಗಿಲ್ಲ. ಕ್ಯಾಲನೂರಿನಿಂದ ಮುಳಬಾಗಿಲಿನವರೆಗೆ ಈ ಸುದ್ದಿ ಹಬ್ಬಿಸಿದ ಮಹನೀಯರೆಲ್ಲ ದಯವಿಟ್ಟು ಗಮನಿಸಬೇಕು. ನಾನು ಮಾಡಿದ್ದಿಷ್ಟೇ: ನಮ್ಮ ಹಾಲ್‌ನ ಫೈರ್‌ಪ್ಲೇಸಿಗೆ ಕಲ್ಲು ಹಾಕಿಸಿದೆ. ಅದು ಬಂದು ಬಿದ್ದದ್ದು ನನ್ನ ತಲೆಯ ಮೇಲೆ.

ಕೋಲಾರದಲ್ಲಿ ಫೈರ್‌ಪ್ಲೇಸ್ ಎಲ್ಲಿಂದ ಬಂತು ಅನ್ನಬೇಡಿ. ನಮ್ಮದು ಯಾರೋ ಇಂಗ್ಲಿಷ್ ದೊರೆ ಕಟ್ಟಿಸಿದ ಹಳೇ ಬಂಗಲೆ. ಆತ ಚಳಿಗೆ ಹೆದರಿ ಗೋಡೆಯಲ್ಲೊಂದು ಅಗ್ಗಿಷ್ಟಿಕೆ ಇಡಿಸಿದ್ದ. ಆತ ತನ್ನ ದೇಶಕ್ಕೆ ಹೋದ ಮೇಲೆ ಅದರಲ್ಲಿ ಬೆಂಕಿಯ ಬದಲು ನಮ್ಮ ಅತ್ತೆ ರಾಮಲಕ್ಷ್ಮಮ್ಮನವರ ಈರುಳ್ಳಿ ವಾಸವಾಗಿತ್ತು. ಕಾನ್ವೆಂಟಿನಲ್ಲಿ ಓದಿದ ನನಗೆ (ಅಲ್ಲಿನ ಪುಸ್ತಕದಲ್ಲಿ ಪ್ರತಿ ಪಾಠಕ್ಕೂ ಒಂದು ಫೈರ್‌ಪ್ಲೇಸ್, ಅದರ ಮುಂದೊಂದು ಬೆಕ್ಕು) ಇದು ಇಡೀ ನಾಗರಿಕತೆಗೆ ಆದ ಅವಮಾನವೆನಿಸುತ್ತಿತ್ತು. ಅದೇ ಹೊತ್ತಿಗೆ ಮುಳಬಾಗಿಲಿನಲ್ಲಿರುವ ನನ್ನ ಕಾನ್ವೆಂಟ್ ಗೆಳತಿ ಇಶ್ರತ್ ಭಾನುವಾರ ಬರುತ್ತೇನೆಂದಳು. "ಬಾ ಕಣೇ, ಫೈರ್‌ಪ್ಲೇಸ್ ಮುಂದೆ ಕೂತ್ಕೊಂಡು ಕಾಫಿ ಕುಡಿಯೋಣ" ಎಂದು ಬಾಯಿಬಿಟ್ಟೆ. ಇನ್ನದು ನನ್ನ ಮಾನದ ಪ್ರಶ್ನೆ.

ಅತ್ತೆ ಶ್ರೀನಿವಾಸಪುರದ ತಂಗಿಯ ಮನೆಗೆ ಹೋದದ್ದೇ ತಡ, ಈರುಳ್ಳಿಯನ್ನು ಹಿತ್ತಿಲಿಗೆ ಗಡೀಪಾರು ಮಾಡಿ ಮೇಸ್ತ್ರಿ ಜಾನ್ ಪಾಷಾನನ್ನು ಕರೆಸಿದೆ. ಆತ ಇಲಿಬಿಲಗಳನ್ನೆಲ್ಲ ಮುಚ್ಚಿ, ಸುತ್ತ ಬೂದುಗಲ್ಲು ಕೂರಿಸಿ, ಮುಂದೆ ಮೊಣಕಾಲೆತ್ತರಕ್ಕೆ ಚಪ್ಪಡಿಯ ಜಗಲಿ ಕಟ್ಟಿದ. "ಇದರ ಮೇಲೆ ಕೂತ್ಕೊಂಡ್ರೆ ನೀವು ಬೇಗಂ ಥರಾ ಕಾಣ್ತೀರಮ್ಮಾ" ಅಂದ. ನನ್ನ ಗಂಡ ಶ್ರೀಧರ್ ಮಾತ್ರ, "ಒಂದು ಕಲ್ಲು ಉಳಿದ್ರೆ ನನ್ನ ಕತ್ತಿಗೆ ಕಟ್ಬಿಡು ಪಾಷಾ, ನಮ್ಮಮ್ಮ ಬರೋ ಹೊತ್ತಾಯ್ತು" ಅಂದರು.

ಹೊಸ ಒಲೆಗೆ ಹಾಲುಕ್ಕಿಸದೆ ಬೆಂಕಿ ಹಚ್ಚುವುದುಂಟೇ? ಕಾನ್ವೆಂಟ್ ಏನೇ ಕಲಿಸಿರಲಿ, ನಾನು ಮಾಲೂರಿನ ಮಗಳು. ಕಲ್ಲಿಗೆ ಅರಿಶಿನ ಕುಂಕುಮ ಇಟ್ಟು, ಪುಟ್ಟ ಪಾತ್ರೆಯಲ್ಲಿ ಹಾಲುಕ್ಕಿಸಿ, ಫೋಟೊ ತೆಗೆದು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದೆ: "ನನ್ನ ಹೊಸ ಒಲೆ!"

ಅಷ್ಟೇ. ಅತ್ತೆ ಇಲ್ಲದಾಗ ಸೊಸೆ ಅದೇ ಮನೆಯಲ್ಲಿ ಇನ್ನೊಂದು ಒಲೆ ಹೂಡಿ ಹಾಲುಕ್ಕಿಸಿದಳೆಂದರೆ, ಅವಳು ಬೇರೆ ಸಂಸಾರ ಹೂಡಿದಳೆಂದೇ ನಮ್ಮ ಕಡೆ ಲೆಕ್ಕ. ಸಂಭ್ರಮದಲ್ಲಿ ನನಗದು ಮರೆತೇ ಹೋಗಿತ್ತು. (ಉಕ್ಕಿದ್ದು ಹಾಲು, ಸಿಕ್ಕಿದ್ದು ಪಾಲು.)

ಭಾನುವಾರ ಬೆಳಿಗ್ಗೆ ಅತ್ತೆ ಬಂದಿಳಿದರು. ಹಿಂದೆಯೇ ಕ್ಯಾಲನೂರಿನಿಂದ ಅವರ ಅಣ್ಣ ಆಂಜಿನಪ್ಪ, ಹೆಗಲ ಮೇಲೊಂದು ಚೀಲ ರಾಗಿ ಹಿಟ್ಟು.

"ಏಮಮ್ಮಾ ಸುನಂದಾ, ಬೇರೆ ಹೋಗೋವಾಗ ಒಂದು ಮಾತು ಹೇಳ್ಬಾರ್ದಾ? ತಗೋ, ಬರಿಗೈಲಿ ಕಳಿಸ್ಬಾರ್ದು ಅಂತ ತಂದಿದೀನಿ."

"ನಾನೆಲ್ಲೂ ಹೋಗ್ತಿಲ್ಲ ಮಾವಾ! ಇದು ಅಲಂಕಾರಕ್ಕೆ!"

"ಒಲೇನ ಅಲಂಕಾರಕ್ಕೆ ಇಟ್ಕೊಳ್ಳೋರನ್ನ ನಾನು ಕಂಡಿಲ್ಲಮ್ಮಾ."

"ನನ್ನ ಈರುಳ್ಳಿನ ಹೊರಗೆ ಹಾಕ್ದೋಳು ನಾಳೆ ನನ್ನನ್ನೂ ಹಾಕಲ್ವಾ ಅಣ್ಣಾ?" ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. (ಕಣ್ಣು ಒಣಗಿತ್ತು. ನಾನು ನೋಡಿದೆ.)

"ಅತ್ತೆ, ಚಳಿ ಕಾಯಿಸ್ಕೊಳ್ಳೋಕೆ ಅಷ್ಟೇ..."

"ಚಳಿ ಕಾಯಿಸ್ಕೊಳ್ಳೋಕೆ ಹಾಲು ಯಾಕೆ ಉಕ್ಕಿಸ್ದೆ?"



ನ್ಯಾಯಮೂರ್ತಿ ಆಂಜಿನಪ್ಪನವರು ಅಳಿಯನತ್ತ ತಿರುಗಿದರು. "ಏನ್ಲಾ ಶ್ರೀಧರಾ, ನಿನ್ನ ಊಟ ಯಾವ ಒಲೇದು?"

ಅತ್ತೆ ಉತ್ತರಕ್ಕೆ ಕಾಯದೆ ಅಡುಗೆಮನೆಗೆ ನಡೆದರು. ಹಿತಕಿದ ಬೇಳೆ ಸಾರಿನ ಘಮ ಹಾಲ್‌ಗೆ ನುಗ್ಗುವವರೆಗೂ ನನ್ನ ಗಂಡ ಗಂಭೀರವಾಗಿ ಯೋಚಿಸಿದರು. ಆಮೇಲೆ, "ನಾನು ಗ್ಯಾಸ್ ಪಾರ್ಟಿ ಮಾವಾ" ಅಂದರು. ನಮ್ಮ ಇಷ್ಟು ವರ್ಷದ ಒಲವು ಒಂದು ಒಗ್ಗರಣೆಗೆ ಸೋತಿತು.

ನನಗೂ ಹಟ. ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಮುದ್ದೆಗೆ ಎಸರಿಟ್ಟೆ. ಸೌದೆ ಹಸಿ. ಹೊಗೆ ದೊರೆಯ ಚಿಮಣಿಯನ್ನು ಬಿಟ್ಟು ನನ್ನ ಮೂಗನ್ನೇ ಆರಿಸಿಕೊಂಡಿತು. ಆಗಲೇ ಬರಬೇಕೇ ಇಶ್ರತ್!

"ಯಾ ಅಲ್ಲಾ, ಎಷ್ಟು ಚೆನ್ನಾಗಿದೆ ಕಣೇ! ಯಾಕೆ ಅಳ್ತಿದೀಯಾ?"

"ಹೊಗೆ."

ಅವಳು ಮೂಗರಳಿಸಿದಳು. "ಇದೇನೇ ಘಮ? ಅವರೇಕಾಳಾ?" ಅಂದವಳೇ, "ಅಮ್ಮಾ, ಹೇಗಿದೀರಾ?" ಎನ್ನುತ್ತ ಅಡುಗೆಮನೆಗೆ ಹೋಗಿಬಿಟ್ಟಳು! ಒಳಗೆ ಎಲ್ಲರೂ ನಗುವುದು ಕೇಳಿಸುತ್ತಿತ್ತು.

ಸ್ವಲ್ಪ ಹೊತ್ತಿಗೆ ಗಂಡ ಒಂದು ಬಟ್ಟಲು ಸಾರು ತಂದು ಜಗಲಿಯ ಅಂಚಿನಲ್ಲಿಟ್ಟರು. "ಪಕ್ಕದ್ಮನೆಯವ್ರಿಗೆ ಕೊಟ್ಟು ಬಾ ಅಂದ್ರು ಅಮ್ಮ."

ಪಕ್ಕದ ಮನೆಯವರಂತೆ! ನಾನು! ಮೈಯೆಲ್ಲ ಉರಿಯಿತು (ಒಲೆಯೊಂದನ್ನು ಬಿಟ್ಟು). ಆದರೂ ಸಾರು ಕುಡಿದೆ. ಕುಡಿದ ಮೇಲೆ ತಾನೇ ಅತ್ತೆಯ ಚಾಣಾಕ್ಷತನ ತಿಳಿದದ್ದು: ನೆರೆಮನೆಯ ಬಟ್ಟಲನ್ನು ಖಾಲಿ ಹಿಂದಿರುಗಿಸುವಂತಿಲ್ಲವಲ್ಲ! ನನ್ನ ಹೊಸ ಸಂಸಾರದಲ್ಲಿ ಗಂಟುಗಂಟಾದ ಮುದ್ದೆ ಬಿಟ್ಟರೆ ಬೇರೇನೂ ಇರಲಿಲ್ಲ. ಹಿತ್ತಿಲಿಗೆ ಹೋದೆ. ಬಟ್ಟಲಿನ ತುಂಬ ಈರುಳ್ಳಿ ಹಾಕಿಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಅತ್ತೆ, ಇದನ್ನ ಎಲ್ಲಿಡ್ಲಿ?"

ಅತ್ತೆ ತಿರುಗಿಯೂ ನೋಡಲಿಲ್ಲ. ಇಶ್ರತ್‌ಗೆ ಇನ್ನೊಂದು ಸೌಟು ಬಡಿಸುತ್ತ, "ಅದರ ಜಾಗದಲ್ಲೇ ಇಡಮ್ಮಾ, ಬೆಂಕಿ ಆರಿಸಿ, ಕಲ್ಲು ತಣ್ಣಗಾದ್ಮೇಲೆ. ಆಮೇಲೆ ತಟ್ಟೆ ತಗೊಂಡು ಬಾ" ಅಂದರು. "ಏನೇ ಹೇಳು, ಕಲ್ಲು ಹಾಕ್ಸಿದ್ದು ಒಳ್ಳೇದಾಯ್ತು. ಇನ್ನು ಈರುಳ್ಳಿಗೆ ಇಲಿ ಕಾಟ ಇರಲ್ಲ."