ತಂಗಿಯ ಮಗಳ ಜೊತೆ ಮಸ್ಕತ್‌ಗೆ

ಅದು ಶನಿವಾರ, ಮುಂಜಾನೆಯ ಶಾಲೆ. ಲಕ್ಷ್ಮೇಶ್ವರದ ನಮ್ಮ ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದೆ. ಬೆಟಗೇರಿಯಿಂದ ತಂಗಿಯ ನೆರೆಮನೆಯವರು ಫೋನ್ ಮಾಡಿದರು. "ಸರ, ನಿಮ್ಮ ತಂಗಿ ಮಗ್ಗದ ಮ್ಯಾಲೆ ಕುಂತಾಕಿ ಹಂಗ ಒರಗಿದ್ಲು. ದವಾಖಾನಿಗೆ ಒಯ್ದೀವಿ, ಜಲ್ದಿ ಬರ್ರಿ." ನಾನು ಗದಗ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳ ಗಂಡ ಮಸ್ಕತ್‌ನಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದ. ಬಂದ, ಕಾರ್ಯ ಮುಗಿಸಿದ, ಹೋದ. ಆಗ ಆರು ವರ್ಷದವಳಾಗಿದ್ದ ಮಗಳು ನನ್ನ ಮತ್ತು ಅವ್ವನ ಹತ್ತಿರ ಉಳಿದಳು, ನನ್ನ ಶಾಲೆಗೇ ಸೇರಿದಳು. ದುಃಖವಿರುವ ಮನೆಯಲ್ಲಿ ನಗು ಬರುವಂಥದ್ದು ಏನೂ ಆಗುವುದಿಲ್ಲವೆಂದು ನಾನು ತಿಳಿದಿದ್ದೆ. ಆಗುತ್ತಲೇ ಇರುತ್ತದೆ. ಆದರೆ ಆ ಮನೆಯವರಿಗೆ ಅದು ತಡವಾಗಿ ಗೊತ್ತಾಗುತ್ತದೆ.

ಎರಡು ವರ್ಷದ ನಂತರ ಅವಳ ಅಪ್ಪ ಫೋನ್ ಮಾಡಿದ. "ಅಣ್ಣಾರ, ಎರಡು ಖೋಲಿ ಮನಿ ಹಿಡದೀನಿ. ನನಗ ರಜಾ ಸಿಗಂಗಿಲ್ಲ, ನೀವ ಆಕೀನ ಕರಕೊಂಡು ಬರ್ರಿ. ಸೂಟಿ ಮುಗಿಯೋತನ ಇರಲಿ. ಮನಸು ಹತ್ತಿದ್ರ ಇಲ್ಲೇ ಸಾಲಿಗೆ ಹಾಕ್ತೀನಿ. ಹತ್ತಲಿಲ್ಲಂದ್ರ ನಿಮ್ಮ ಕೂಡ ವಾಪಸ್ ಕಳಸ್ತೀನಿ. ಆಕೀನ ಹೇಳಲಿ."

"ಆತು" ಎಂದೆ. ಅವಳು ಅವನ ಮಗಳು. ಬೇರೆ ಏನು ಹೇಳಲು ಬರುತ್ತಿತ್ತು?

ಫೋಟೋ

ವೀಸಾಕ್ಕೆ ಫೋಟೋ ಬೇಕಾಯಿತು. ಅವ್ವ ಮೊಮ್ಮಗಳ ತಲೆ ಬಾಚಿ, ಎಡಗೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟು, ತಾನೂ ಸ್ಟುಡಿಯೋಕ್ಕೆ ಬಂದಳು.

"ಯಮ್ಮಾ, ಆ ಬೊಟ್ಟು ಒರಸ್ರಿ" ಎಂದ ಫೋಟೋದವನು.

"ಯಾಕ?"

"ವೀಸಾದಾಗ ನಡ್ಯಂಗಿಲ್ಲರಿ. ಮಚ್ಚಿ ಅಂತ ತಿಳಕೋತಾರ."

"ತಿಳಕೊಳ್ಳಲಿ. ಮಚ್ಚಿ ಇದ್ದಾಕೀನ ಅವ್ರ ದೇಶದಾಗ ಬಿಡಂಗಿಲ್ಲೇನು?"

"ಬಿಡ್ತಾರರಿ. ಆದರ ಅಲ್ಲಿ ಇಳದ ಮ್ಯಾಲೆ ಮಚ್ಚಿ ಎಲ್ಲಿ ಅಂತ ಕೇಳ್ತಾರ."

"ಅದಕ್ಕೇನ, ಕಾಡಿಗಿ ಡಬ್ಬಿ ಕೊಟ್ಟು ಕಳಸ್ತೀನಿ."

ನಾನು ನಡುವೆ ಬಂದು ರಾಜಿ ಮಾಡಿಸಿದೆ. ಅವ್ವ ಸೆರಗಿನಿಂದ ಬೊಟ್ಟು ಒರೆಸಿದಳು. ಹುಡುಗಿ ಸ್ಟೂಲಿನ ಮೇಲೆ ಕುಳಿತು ಕಾಲು ಆಡಿಸತೊಡಗಿದಳು, ಒಮ್ಮೆ ಎಡಗಾಲು, ಒಮ್ಮೆ ಬಲಗಾಲು, ಮಗ್ಗದ ಮೇಲೆ ಅವಳ ತಾಯಿ ಆಡಿಸುತ್ತಿದ್ದ ಹಾಗೆ. "ಕಾಲು ಸುಮ್ನ ಇಡವಾ" ಎಂದ ಫೋಟೋದವನು. ಕಾಲು ಫೋಟೋದಲ್ಲಿ ಬರುವುದಿಲ್ಲವಲ್ಲ, ಇರಲಿ ಬಿಡಿ ಎಂದೆ.

ಮರುದಿನ ವೀಸಾ ಏಜೆಂಟನಿಗೆ ಕೊಡಲು ಲಕೋಟೆ ತೆರೆದೆ. ಎಂಟೂ ಫೋಟೋಗಳಲ್ಲಿ ಎಡಗೆನ್ನೆಯ ಮೇಲೆ ಒಂದೇ ಅಳತೆಯ ಕಾಡಿಗೆ ಬೊಟ್ಟು ಇತ್ತು.

"ಮಾರಿ ಮ್ಯಾಲೆ ಬ್ಯಾಡ ಅಂದ್ರಿ" ಎಂದಳು ಅವ್ವ. "ಫೋಟೋದ ಮ್ಯಾಲೆ ಬ್ಯಾಡ ಅಂತ ಯಾರು ಅಂದ್ರು?"

ಒಪ್ಪಿಗೆ

ಮಗುವನ್ನು ತಂದೆ ತಾಯಿಯಲ್ಲದ ಬೇರೆಯವರು ಪರದೇಶಕ್ಕೆ ಕರೆದೊಯ್ಯುವಾಗ ಒಪ್ಪಿಗೆ ಪತ್ರ ಇರಬೇಕೆಂದು ಏಜೆಂಟ್ ಹೇಳಿದ. ಹುಡುಗಿಯನ್ನು ಕರೆದುಕೊಂಡು ಗದಗಿನ ವಕೀಲರೊಬ್ಬರ ಹತ್ತಿರ ಹೋದೆ.

"ಒಪ್ಪಿಗಿ ಯಾರು ಕೊಡ್ತಾರ?" ಎಂದರು ವಕೀಲರು.

"ಈಕಿ ಅಪ್ಪ ಕೊಡ್ತಾರ್ರಿ."

"ಕರಕೊಂಡು ಬರ್ರಿ, ಸಹಿ ಮಾಡಲಿ."

"ಅವ್ರು ಮಸ್ಕತ್‌ನ್ಯಾಗ ಇದ್ದಾರ್ರಿ."

"ಈಕಿ ಯಾರ ಹತ್ರ ಹೊಂಟಾಳ?"

"ಅವ್ರ ಹತ್ರಾನ ರಿ."

ವಕೀಲರು ಪೆನ್ನು ಕೆಳಗಿಟ್ಟರು. "ಅಂದ್ರ, ಮಗಳು ನನ್ನ ಕಡೆ ಬರಾಕ ನನ್ನದೇನೂ ತಕರಾರಿಲ್ಲ ಅಂತ ಕರದಾಂವನ ಬರಕೊಡಬೇಕು."

"ಹೌದ್ರಿ."

"ಇಂಥಾದ್ದು ನಾ ಇನ್ನೂ ಬರದಿಲ್ಲ. ಇರ್ರಿ, ಚಹಾ ಹೇಳ್ತೀನಿ."

ಚಹಾ ಕುಡಿದ ಮೇಲೆ ಬರೆದರು. ಅದು ಮಸ್ಕತ್‌ಗೆ ಹೋಗಿ, ಅಪ್ಪನ ಸಹಿ, ಅಲ್ಲಿನ ಮುದ್ರೆ ಎಲ್ಲ ಆಗಿ ತಿರುಗಿ ಬಂತು. ಹೊಣೆ ಹೊತ್ತುಕೊಂಡದ್ದಕ್ಕೆ ನನ್ನ ಸಹಿ ಹಾಕಿಸಲು ವಕೀಲರು ಮತ್ತೆ ಕರೆದರು. ನಾನು ಸಹಿ ಮಾಡಿ ಪೆನ್ನು ಇಡುವಷ್ಟರಲ್ಲಿ ಹುಡುಗಿ ಅದನ್ನು ಎತ್ತಿಕೊಂಡಳು.

"ನಾ ಎಲ್ಲಿ ಸಹಿ ಮಾಡಲಿ?"

"ನಿನ್ನ ಸಹಿ ಬ್ಯಾಡವಾ, ನೀ ಸಣ್ಣಾಕಿ."

"ಹೋಗಾಕಿ ನಾ ಅಲ್ಲೇನ್ರಿ?"

ವಕೀಲರು ನನ್ನ ಮುಖ ನೋಡಿದರು. "ಮಾಸ್ತರ, ಇದಕ್ಕ ನೀವ ಉತ್ತರ ಹೇಳ್ರಿ. ಫೀ ಅರ್ಧ ಬಿಡ್ತೀನಿ."

ನಾನು ಪೂರ್ತಿ ಫೀ ಕೊಟ್ಟು ಬಂದೆ.

ಬಾಯಿಪಾಠ

ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಮಗುವನ್ನೇ ಪ್ರಶ್ನೆ ಕೇಳಬಹುದು ಎಂದೂ ಏಜೆಂಟ್ ಹೇಳಿದ್ದ. ನಾನು ಮಾಸ್ತರ. ಹತ್ತು ಪ್ರಶ್ನೆ ತಯಾರಿಸಿ, ಒಂದೊಂದು ವಾಕ್ಯದ ಉತ್ತರ ಬರೆದುಕೊಟ್ಟೆ. ಒಂದನೆಯದು ಅವಳ ಹೆಸರು. ಎರಡನೆಯದು ಜೊತೆಗಿರುವವರು ಯಾರು ಎಂದು. ಮೂರನೆಯದು ಹೋಗುವ ಊರು. ಶಾಲೆಯ ದಾರಿಯಲ್ಲಿ ದಿನವೂ ಒಪ್ಪಿಸಿಕೊಂಡೆ. ಕೇಳಬಹುದಾಗಿದ್ದ ಇನ್ನೊಂದು ಪ್ರಶ್ನೆಯನ್ನು ಮಾತ್ರ ಬರೆಯಲಿಲ್ಲ. ಅದಕ್ಕೆ ಒಂದು ವಾಕ್ಯದ ಉತ್ತರ ನನಗೆ ಸಿಕ್ಕಿರಲಿಲ್ಲ.

ಬೆಂಗಳೂರಿನಲ್ಲಿ ಗಾಜಿನ ಹಿಂದೆ ಕುಳಿತಿದ್ದ ಅಧಿಕಾರಿ ನಮ್ಮ ಕಾಗದ ಬಿಡಿಸುತ್ತಾ ಕೇಳಿದ: "ನಿನ್ನ ಹೆಸರೇನು ಪುಟ್ಟಿ?"

ಹೇಳಿದಳು.

"ಎಲ್ಲಿಗೆ ಹೋಗ್ತಾ ಇದ್ದೀಯ?"

"ನನ್ನ ತಾಯಿಯ ಹಿರಿಯ ಸಹೋದರ."

ಅಧಿಕಾರಿ ಅವಳನ್ನೂ ನೋಡಿದ, ನನ್ನನ್ನೂ ನೋಡಿದ. ಹುಡುಗಿಗೆ ತಪ್ಪು ಎಲ್ಲಿದೆಯೆಂದು ಹೊಳೆಯಿತು.

"ಸರ್, ನೀವು ಎರಡನೇ ಪ್ರಶ್ನಿ ಬಿಟ್ಟು ಮೂರನೇದಕ್ಕ ಹೋದ್ರಿ."

"ಯಾರಮ್ಮ ಇದೆಲ್ಲ ಹೇಳಿಕೊಟ್ಟಿದ್ದು?"

"ಮಾಮಾ. ಹತ್ತೂ ಬಾಯಿಪಾಠ ಮಾಡಿಸ್ಯಾನ."

ಅಧಿಕಾರಿ ನನ್ನನ್ನು ಹಿಂದೆ ಸರಿದು ನಿಲ್ಲಲು ಹೇಳಿ, ಅವಳ ಕಡೆ ಬಾಗಿದ. "ನಿಮ್ಮಮ್ಮ ಎಲ್ಲಿದಾರೆ?"

"ಅದನ್ನ ಮಾಮಾ ಇನ್ನೂ ಹೇಳಿಕೊಟ್ಟಿಲ್ಲ."

ಅಧಿಕಾರಿ ಕಾಗದಗಳನ್ನು ಮತ್ತೆ ತಿರುವಿ ಎಲ್ಲಕ್ಕಿಂತ ಕೆಳಗಿದ್ದ ತಂಗಿಯ ಮರಣ ಪ್ರಮಾಣಪತ್ರ ಓದಿದ. ಮುದ್ರೆ ಒತ್ತಿ, "ಪಾಸಾದೆ ಪುಟ್ಟಿ" ಎಂದ.

ಮುಂದೆ ಬಂದ ಮೇಲೆ ಅವಳು ಕೇಳಿದಳು: "ಒಂದು ಬಿಟ್ಟೀನಿ. ಎಷ್ಟು ಮಾರ್ಕ್ಸ್ ಹೋದುವು ಮಾಮಾ?"

"ಅದು ಸಿಲೆಬಸ್ ಹೊರಗಿಂದು" ಎಂದೆ. "ಅಂಥಾದ್ದಕ್ಕ ಬಿಟ್ಟವ್ರಿಗೂ ಪೂರ್ತಿ ಮಾರ್ಕ್ಸ್ ಕೊಡ್ತಾರ."

ಬರುವವರು, ಬಾರದವರು

ಮಸ್ಕತ್‌ನಲ್ಲಿ ಮೊದಲ ದಿನ ಅಪ್ಪ ಮಗಳಿಗೆ ಬಹುವಚನ ಹಚ್ಚಿ ಮಾತಾಡಿದ. "ಬರ್ರಿ, ಕುಂಡ್ರಿ, ಹಾಲು ಕುಡೀತೀರಿ?" ಅವಳು ನನ್ನ ಬೆನ್ನ ಹಿಂದಿನಿಂದ, "ಇಲ್ರಿ, ಆಗೇತ್ರಿ" ಎಂದಳು. ಬೀಗರ ಮನೆಗೆ ಬಂದವರೂ ಇಷ್ಟು ಮರ್ಯಾದೆಯಿಂದ ಇರುವುದಿಲ್ಲ.

ಅವನು ಹಾಕಿದ ಎರಡು ಜಡೆಗಳಲ್ಲಿ ಒಂದು ಕಿವಿಯ ಮೇಲಿನಿಂದ ಹೊರಟರೆ ಇನ್ನೊಂದು ಕುತ್ತಿಗೆಯಿಂದ ಹೊರಡುತ್ತಿತ್ತು. ಅವನ ರೊಟ್ಟಿಯನ್ನು ಅವಳು ತಟ್ಟೆಯಲ್ಲಿ ತಿರುಗಿಸಿ ನೋಡಿ, "ಇದು ಯಾವ ಜಿಲ್ಲಾದ ನಕಾಶಿ?" ಎಂದು ಕೇಳಿದಳು. ಅವಳು ತೊಟ್ಟಿದ್ದ ಫ್ರಾಕಿಗೆ ಗುಂಡಿ ಹಚ್ಚಲು ಹೋಗಿ ಫ್ರಾಕನ್ನು ತನ್ನ ಲುಂಗಿಗೇ ಸೇರಿಸಿ ಹೊಲಿದುಕೊಂಡ. ಹೊಲಿಗೆ ಬಿಡಿಸಲು ಇಬ್ಬರೂ ಜೊತೆಯಾಗಿಯೇ ಅಡುಗೆಮನೆಗೆ ಹೋಗಿ ಕತ್ತರಿ ಹುಡುಕಿದರು. ನಾನು ಏನೂ ಹೇಳಿಕೊಡಲಿಲ್ಲ. ಅವನ ಒಂದೊಂದು ತಪ್ಪಿಗೂ ನನಗೆ ಒಳಗೊಳಗೆ ಧೈರ್ಯ ಬರುತ್ತಿತ್ತು. ಈಕೆ ಇಲ್ಲಿ ನಿಲ್ಲಲಾರಳು, ನನ್ನ ಜೊತೆಗೇ ಬರುತ್ತಾಳೆ ಎಂದುಕೊಳ್ಳುತ್ತಿದ್ದೆ.

ಸೂಟಿ ಮುಗಿಯಲು ಬಂತು. ಒಂದು ದಿನ ಊಟಕ್ಕೆ ಕುಳಿತಾಗ ಅಪ್ಪ ಕೇಳಿದ: "ಈಗ ಹೇಳವಾ. ಇಲ್ಲಿರ್ತಿಯೋ, ಮಾಮಾನ ಕೂಡ ಹೋಗ್ತಿಯೋ?"

ಅವಳು ನನ್ನ ಕಡೆ ತಿರುಗಿದಳು. "ಮಾಮಾ, ನಿನಗ ಜಡಿ ಹಾಕಾಕ ಬರತೈತಿ?"

"ಬರತೈತಿ."

"ರೊಟ್ಟಿ?"

"ಬರತೈತಿ."

"ಗುಂಡಿ ಹಚ್ಚಾಕ?"

"ಅದೂ ಬರತೈತಿ."

"ಅಪ್ಪಗ ಒಂದೂ ಬರಂಗಿಲ್ಲ."

"ಖರೆ" ಎಂದೆ. ಸ್ವಲ್ಪ ಜಲ್ದಿಯೇ ಎಂದೆ.

"ಸಾಲಿಯಾಗ ಬಾರದವ್ರ ಬಾಜೂಕ ಬರೋವ್ರನ್ನ ಕುಂಡ್ರಸ್ತಿ ಅಲ್ಲ ನೀ?"

ಆ ಪದ್ಧತಿ ನನ್ನದೇ. ನನ್ನ ಪ್ರತಿ ತರಗತಿಯಲ್ಲೂ ಹಾಗೆಯೇ ಕೂರಿಸುತ್ತೇನೆ. ಹೌದು ಎಂದೆ.

"ಮತ್ತ, ನಾ ಇಲ್ಲೇ ಕುಂಡ್ರತೀನಿ."

ಅಪ್ಪ ತುತ್ತು ಕೈಯಲ್ಲೇ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಅಣ್ಣಾರ, ನಾ ದಡ್ಡ ಅಂತ ನಿಮ್ಮ ಸಾಲಿಯವ್ರ ಬರದು ಕೊಟ್ಟಂಗ ಆತು." ನಾನೂ ನಕ್ಕೆ. ಮರುದಿನ ಮುಂಜಾನೆ ಅವನನ್ನು ಕೂರಿಸಿಕೊಂಡು ಜಡೆ ಹಾಕುವುದನ್ನು ತೋರಿಸಿಕೊಟ್ಟೆ. "ಕೂದಲಾ ಸಮ ಮೂರು ಕಾಲು ಮಾಡು ಅಪ್ಪಾ, ಸಮ" ಎನ್ನುತ್ತಾ ಅವಳು ಮುಂದೆ ಕುಳಿತು ಕಾಲು ಆಡಿಸುತ್ತಿದ್ದಳು.

ವಾಪಸ್ ಟಿಕೆಟ್ ಇಬ್ಬರಿಗೂ ಮೊದಲೇ ತೆಗೆಸಿದ್ದೆ. ವಿಮಾನದಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು.